ನಿಮಗಿದು ಗೊತ್ತೇ? ಎಂಜಿನ್ ಇಲ್ಲದ ವಿಮಾನ, ಗಡಿನಾಡಿನ ಗಾಳಿ

ಚಿಕ್ಕೋಡಿಯ ನೆತ್ತಿಯ ಮೇಲೆ ಸರಿಯಾಗಿ ಒಂದು ಕಿಲೋಮೀಟರ್ ಎತ್ತರದಲ್ಲಿ ಒಂದು ಗ್ಲೈಡರ್ ಇದೆ ಎಂದುಕೊಳ್ಳಿ. ಎಂಜಿನ್ ಇಲ್ಲ, ಹನಿ ಪೆಟ್ರೋಲ್ ಇಲ್ಲ, ಗಾಳಿಯೂ ಅಲುಗುತ್ತಿಲ್ಲ. ಎಲ್ಲಿಯವರೆಗೆ ಹೋದೀತು? ಹಳೆಯ ಕಾಲದ ಕಲಿಕೆಯ ಗ್ಲೈಡರ್ ಆದರೆ ಒಂದು ಮೀಟರ್ ಇಳಿಯುವಷ್ಟರಲ್ಲಿ ಹತ್ತು ಮೀಟರ್ ಮುಂದೆ ಸಾಗುತ್ತದೆ. ಅಂದರೆ ಹತ್ತು ಕಿಲೋಮೀಟರಿಗೆ ಯಾರದಾದರೂ ಹೊಲದಲ್ಲಿ ಇಳಿಯಲೇಬೇಕು. ರೆಕ್ಕೆಯ ತುದಿಯಿಂದ ತುದಿಗೆ 15 ಮೀಟರ್ ಅಗಲದ ಒಳ್ಳೆಯ ಮರದ ಗ್ಲೈಡರಿಗೆ ಈ ಲೆಕ್ಕ ಒಂದಕ್ಕೆ ಮೂವತ್ತು. ನಿಪ್ಪಾಣಿ ನೇರ ರೇಖೆಯಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕು ಕಿಲೋಮೀಟರ್. ಅಲ್ಲಿಗೆ ಮುಟ್ಟಿದ ಮೇಲೂ ಕೈಯಲ್ಲಿ ಸುಮಾರು ಇನ್ನೂರು ಮೀಟರ್ ಎತ್ತರ ಉಳಿದಿರುತ್ತದೆ. ರಾಯಬಾಗಕ್ಕೂ ಹಾಗೆಯೇ. ಕಾಗವಾಡಕ್ಕೆ ಮಾತ್ರ ಒಂದಿಷ್ಟು ಕಡಿಮೆ ಬೀಳುತ್ತದೆ. ಜರ್ಮನಿಯಲ್ಲಿ ತಯಾರಾದ, 30.9 ಮೀಟರ್ ಅಗಲದ ‘ಏಟಾ’ ಎಂಬ ಗ್ಲೈಡರಿನದು ಒಂದಕ್ಕೆ ಎಪ್ಪತ್ತು. ಅದು ಚಿಕ್ಕೋಡಿಯಿಂದ ಅಥಣಿಗೇ ಹೋಗಿ ಇಳಿದೀತು.

ಇದು ಗಾಳಿ ಸುಮ್ಮನಿದ್ದಾಗಿನ ಮಾತು. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನ ಗಾಳಿ ಎಲ್ಲಿ ಸುಮ್ಮನಿರುತ್ತದೆ? ಅಥಣಿ, ರಾಯಬಾಗದ ಮಡ್ಡಿ ಹೊಲಗಳಲ್ಲಿ ಕಸಕಡ್ಡಿ, ಮಣ್ಣು ಎತ್ತಿಕೊಂಡು ಏಳುವ ಸುಂಟರಗಾಳಿ ಇದೆಯಲ್ಲ, ಅದು ಬಿಸಿಗಾಳಿಯ ಕಂಬವೊಂದರ ಬುಡ. ಗ್ಲೈಡರ್ ಹಾರಿಸುವವರು ಅದನ್ನು ಥರ್ಮಲ್ ಎನ್ನುತ್ತಾರೆ. ಅದರೊಳಗೆ ಸುತ್ತು ಹಾಕುತ್ತಿದ್ದರೆ ಸೆಕೆಂಡಿಗೆ ಎರಡು ಮೂರು ಮೀಟರ್ ಮೇಲೇರಬಹುದು. ರೆಕ್ಕೆ ಬಡಿಯದೆ ಸುತ್ತುವ ಹದ್ದು ಮಾಡುವುದೂ ಇದನ್ನೇ.

ಅದೇ ಹೊತ್ತಿಗೆ ಕೃಷ್ಣಾ ದಂಡೆಯ ಉಗಾರ, ಕುಡಚಿ ಕಡೆಯ ಕಬ್ಬಿನ ಮೇಲೆ ಏರುಗಾಳಿ ಸಪ್ಪೆ. ನೀರುಂಡ ಹೊಲದಲ್ಲಿ ಬಿಸಿಲಿನ ಶಕ್ತಿಯ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಗಾಳಿಯನ್ನು ಕಾಯಿಸಲು ಉಳಿಯುವುದು ಕಡಿಮೆ. ಒಣಗಿದ ಎರೆಭೂಮಿ ಮಾತ್ರ ಕಾದು ಗಾಳಿಯನ್ನು ಮೇಲಕ್ಕೆ ದಬ್ಬುತ್ತದೆ. ಬೆಳೆ ನೋಡಿಯೇ ಗಾಳಿಯ ಗುಣ ಹೇಳಬಹುದು.

ಭಾರತದ ವಿಮಾನ ವಿನ್ಯಾಸದ ಹಿರಿಯ ತಲೆ ನಮ್ಮ ಈ ಗಡಿ ಸೀಮೆಯದೇ ಎಂಬುದು ಗೊತ್ತೇ? ಡಾ. ವಿಷ್ಣು ಮಾಧವ ಘಾಟಗೆ ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಗಡಹಿಂಗ್ಲಜ ಬಳಿಯ ಹಸೂರಚಂಪು ಎಂಬ ಸಣ್ಣ ಹಳ್ಳಿಯಲ್ಲಿ. ಸಂಕೇಶ್ವರ ದಾಟಿ ಗಡಿಯಾಚೆ ಹೋದರೆ ಆ ಊರು. ಅಲ್ಲಿಂದ ಹೊರಟ ಅವರು ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯ ಸೇರಿ, ಲುಡ್ವಿಗ್ ಪ್ರಾಂಟಲ್ ಅವರ ಕೈಕೆಳಗೆ ಡಾಕ್ಟರೇಟ್ ಪಡೆದರು. ಆಧುನಿಕ ವಾಯುಚಲನ ವಿಜ್ಞಾನ ನಿಂತಿರುವುದೇ ಪ್ರಾಂಟಲ್ ಹಾಕಿದ ತಳಪಾಯದ ಮೇಲೆ. ಗ್ಲೈಡರಿನ ರೆಕ್ಕೆ ಯಾಕೆ ಅಷ್ಟು ಉದ್ದ, ಅಷ್ಟು ಕಿರಿದು ಎಂಬ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವರೂ ಅವರೇ. ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಹಾಗಾಗಿ ತುದಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ನುಸುಳಿ ಸುಳಿಯಾಗುತ್ತದೆ. ಆ ಸುಳಿ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ. ನಿಧಾನವಾಗಿ ಹಾರಿದಷ್ಟೂ ಈ ಜಗ್ಗಾಟ ಹೆಚ್ಚು. ರೆಕ್ಕೆ ಉದ್ದವಾದರೆ ತುದಿಯ ಪ್ರಭಾವ ತಗ್ಗುತ್ತದೆ.

ಘಾಟಗೆ 1940ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸೇರಿದರು. ಕಂಪನಿ ಶುರುವಾದದ್ದೇ ಆ ವರ್ಷದ ಡಿಸೆಂಬರಿನಲ್ಲಿ. ಅಲ್ಲಿ ಅವರ ಕೈಯಿಂದ ಮೂಡಿದ ಮೊದಲ ವಿನ್ಯಾಸ ಎಂಜಿನ್ ವಿಮಾನದ್ದಲ್ಲ, ಗ್ಲೈಡರಿನದು! ‘ಜಿ-1’ ಎಂಬ ಅದು ಹತ್ತು ಸೈನಿಕರನ್ನು ಹೊತ್ತೊಯ್ಯಲೆಂದು ಎರಡನೇ ಮಹಾಯುದ್ಧದ ಕಾಲದಲ್ಲಿ ತಯಾರಾಯಿತು. ಮುಂದೆ 1951ರ ಆಗಸ್ಟಿನಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನವೂ ಅವರ ತಂಡದ್ದೇ. ನಮ್ಮ ಪಠ್ಯಪುಸ್ತಕಗಳಲ್ಲಿ ರೈಟ್ ಸಹೋದರರು ಇದ್ದಾರೆ, ಘಾಟಗೆ ಇಲ್ಲ. ಇರಬೇಕಿತ್ತು.

ರೈಟ್ ಸಹೋದರರು ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟದ್ದು 1892ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ, 1888ರಲ್ಲಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದಿದ್ದವರು ಸವದತ್ತಿ ಸೀಮೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್. ಒಬ್ಬರು ಕಬ್ಬಿಣದ ನೇಗಿಲಿನತ್ತ ಹೋದರು, ಇನ್ನೊಬ್ಬರು ಆಕಾಶದತ್ತ. ಸೈಕಲ್ ಮಾತ್ರ ಇಬ್ಬರಿಗೂ ಪಾಠಶಾಲೆ. 1901ರಲ್ಲಿ ರೈಟ್ ಸಹೋದರರು ಸೈಕಲ್ಲಿನ ಹ್ಯಾಂಡಲ್ ಮುಂದೆ ಅಡ್ಡಡ್ಡ ಮೂರನೆಯ ಚಕ್ರ ಕಟ್ಟಿ, ಅದರ ಮೇಲೆ ಪುಟ್ಟ ರೆಕ್ಕೆ ಕೂರಿಸಿ, ಪೆಡಲ್ ತುಳಿದು ಗಾಳಿಯ ಬಲ ಅಳೆದರು. ಆಮೇಲೆ ಮರದ ಪೆಟ್ಟಿಗೆಯಲ್ಲಿ ಗಾಳಿಸುರಂಗ ಮಾಡಿ ಇನ್ನೂರಕ್ಕೂ ಹೆಚ್ಚು ಆಕಾರದ ರೆಕ್ಕೆಗಳನ್ನು ಪರೀಕ್ಷಿಸಿದರು. 1902ರ ಗ್ಲೈಡರಿನಲ್ಲಿ ಏಳುನೂರಕ್ಕೂ ಮೀರಿ ಹಾರಾಟ ನಡೆಸಿದ ಮೇಲೆಯೇ ಎಂಜಿನ್ ಮಾತು. ಗ್ಲೈಡರ್ ಒಲಿಯದೆ ವಿಮಾನ ಒಲಿಯಲಿಲ್ಲ.

ನಮ್ಮ ರೈತರ ಬಾಯಲ್ಲಿರುವ ಮಳೆ ನಕ್ಷತ್ರಗಳ ಹೆಸರಿನ ಗ್ಲೈಡರುಗಳಿದ್ದವು ಎಂದರೆ ನಂಬುತ್ತೀರಾ? ದಿಲ್ಲಿಯಲ್ಲಿದ್ದ ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಎಸ್. ರಾಮಾಮೃತಂ ರೂಪಿಸಿದ ‘ಅಶ್ವಿನಿ’ 1958ರಲ್ಲಿ ಹಾರಿತು. ಬಳಿಕ ಭರಣಿ, ರೋಹಿಣಿ, 1963ರಲ್ಲಿ ಕಾರ್ತಿಕ, ಮುಂದೆ ಮೃಗಶಿರಾ, 1979ರಲ್ಲಿ ಆರ್ದ್ರಾ. ಕೃತ್ತಿಕೆಯ ಜಾಗಕ್ಕೆ ಕಾರ್ತಿಕ ಎಂದು ಹಿಡಿದರೆ ಮೊದಲ ಆರು ನಕ್ಷತ್ರಗಳೂ ಆದವು. ರೋಹಿಣಿಯಲ್ಲಿ ಗುರು, ಶಿಷ್ಯ ಇಬ್ಬರೂ ಅಕ್ಕಪಕ್ಕ ಕೂತು ಹಾರುತ್ತಿದ್ದರು.

ಮನೆಯಲ್ಲೇ ಗ್ಲೈಡರ್ ಕಟ್ಟುವ ಹುಚ್ಚು ಹರಡಿದ್ದು ಒಂದು ನಿಷೇಧದಿಂದ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ವಿಮಾನಗಳಿಗೆ ಕಡಿವಾಣ ಹಾಕಿತು. ವಿದ್ಯಾರ್ಥಿಗಳು ಎಂಜಿನ್ ಬಿಟ್ಟು ಗ್ಲೈಡರ್ ಹಿಡಿದರು. 1920ರಲ್ಲಿ ವಾಸರ್‌ಕುಪ್ಪೆ ಗುಡ್ಡದ ಮೇಲೆ ಮೊದಲ ಸ್ಪರ್ಧೆ. ಮರುವರ್ಷ ಹ್ಯಾನೋವರಿನ ವಿದ್ಯಾರ್ಥಿಗಳು ತಂದ ‘ವ್ಯಾಂಪೈರ್’ ಗ್ಲೈಡರಿನ ರೆಕ್ಕೆಯಲ್ಲಿ ಒಂದೇ ತೊಲೆ, ಅದರ ಮುಂದೆ ಪ್ಲೈವುಡ್ ಸುತ್ತಿದ ಗಟ್ಟಿ ಮೂತಿ ಇತ್ತು. ಮರದ ಗ್ಲೈಡರ್ ಕಟ್ಟುವವರು ಇಂದಿಗೂ ಅದೇ ಪದ್ಧತಿಯಲ್ಲಿ ರೆಕ್ಕೆ ಕಟ್ಟುತ್ತಾರೆ.

ಅಮೆರಿಕದ ಜಿಮ್ ಮೌಪಿನ್ ಮತ್ತು ಅರ್ವ್ ಕಲ್ವರ್ ರೂಪಿಸಿದ ‘ಕಾರ್ಬನ್ ಡ್ರ್ಯಾಗನ್’ ಮನೆಯಲ್ಲೇ ಕಟ್ಟಬಹುದಾದ ಗ್ಲೈಡರ್. ಅಗಲ 13 ಮೀಟರಿಗೂ ಹೆಚ್ಚು, ಬರಿದೇ ತೂಕ ಕೇವಲ 66 ಕಿಲೋ. ಮೈಕ್ ಸ್ಯಾಂಡ್ಲಿನ್ ಎಂಬವರು ತಮ್ಮ ‘ಗೋಟ್’ ಗ್ಲೈಡರಿನ ನಕ್ಷೆಗಳನ್ನು ಜಗತ್ತಿಗೇ ಪುಕ್ಕಟೆ ಕೊಟ್ಟುಬಿಟ್ಟರು. ಎಂಥ ದೊಡ್ಡ ಮನಸ್ಸು!

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1987ರಲ್ಲಿ ಹಾರಿಸಿದ ಪುಟ್ಟ ವಿಮಾನದ ಮೂಲವೂ ಮನೆಯಲ್ಲಿ ಕಟ್ಟುವವರಿಗೆಂದು ಬರ್ಟ್ ರುಟಾನ್ ಬರೆದ ‘ಲಾಂಗ್ ಈಜಿ’ ನಕ್ಷೆ. ಫೋಮನ್ನು ಬಿಸಿ ತಂತಿಯಿಂದ ಕೊಯ್ದು, ಮೇಲೆ ಗಾಜಿನ ನಾರಿನ ಬಟ್ಟೆ, ರಾಳ ಹಚ್ಚಿ ರೆಕ್ಕೆ ಮಾಡುವ ವಿದ್ಯೆ ಅದರದು. ಅಲ್ಲಿ ಕೈ ಪಳಗಿದ ಮೇಲೆ ಅದೇ ಪ್ರಯೋಗಾಲಯದ ‘ಹಂಸ’ ವಿಮಾನ ಬಂತು.

ಮರದ ರೆಕ್ಕೆ ಕಟ್ಟುವುದು ಬಡಿಗತನದ ಕಡುಪರೀಕ್ಷೆ. ತೊಲೆಗೆ ಆರಿಸಿದ ಹಲಗೆಯಲ್ಲಿ ನಾರಿನ ಎಳೆ ಓರೆಯಾಗಿದ್ದರೆ, ಆ ಓರೆ ಹದಿನೈದು ಅಂಗುಲ ಉದ್ದಕ್ಕೆ ಒಂದು ಅಂಗುಲ ಮೀರಬಾರದು. ಮೀರಿದರೆ ಗಂಟಿಲ್ಲದ ಚೆಂದದ ಹಲಗೆಯೂ ತಿರಸ್ಕಾರ. ಎರಡು ತುಂಡು ಕೂಡಿಸುವಾಗ ನೇರ ಕೊಯ್ದು ಅಂಟಿಸುವಂತಿಲ್ಲ. ಒಂದಕ್ಕೆ ಹನ್ನೆರಡರ ಇಳಿಜಾರಿನಲ್ಲಿ ಎರಡನ್ನೂ ಹೆರೆದು, ಒಂದರ ಮೇಲೊಂದು ಮಲಗಿಸಿ ಅಂಟು ಹಚ್ಚಬೇಕು. ಹಳೆಯ ಗ್ಲೈಡರುಗಳ ಅಂಟು ಯಾವುದು ಗೊತ್ತೇ? ಹಾಲಿನಿಂದ ತೆಗೆದ ಕೇಸೀನ್. ತೇವ ತಗುಲಿದರೆ ಅದಕ್ಕೆ ಬೂಷ್ಟು ಹಿಡಿದು ಸಂದು ಸಡಿಲುತ್ತದೆ. ಹೊರಗೆ ಬಣ್ಣ ಮಿರಿಮಿರಿ ಮಿಂಚುತ್ತಿದ್ದರೂ ಒಳಗೆ ರೆಕ್ಕೆ ಸತ್ತಿರುತ್ತದೆ. ಹಳೆ ಗ್ಲೈಡರ್ ಕೊಳ್ಳುವವರು ಮೊದಲು ಒಳಗಿನ ಅಂಟು ನೋಡುವುದು ಅದಕ್ಕೇ. ಗಾಜಿನ ನಾರಿನ ಮೊದಲ ಗ್ಲೈಡರ್ ‘ಫೀನಿಕ್ಸ್’ ಹಾರಿದ್ದು 1957ರಲ್ಲಿ, ಅದೂ ಸ್ಟುಟ್‌ಗಾರ್ಟಿನ ವಿದ್ಯಾರ್ಥಿಗಳ ಕೈಕೆಲಸ.

ಇನ್ನು ರೆಕ್ಕೆಯ ಗಟ್ಟಿತನದ ಲೆಕ್ಕ, ಅದೂ ಸಕ್ಕರೆ ಚೀಲದಲ್ಲಿ. ಕಟ್ಟಿದ ರೆಕ್ಕೆ ಗಟ್ಟಿಯಿದೆ ಎಂದು ಬಾಯಲ್ಲಿ ಹೇಳಿದರೆ ಆಗಲಿಲ್ಲ, ಭಾರ ಹೇರಿ ತೋರಿಸಬೇಕು. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಎತ್ತುತ್ತದೆ. ಆದ್ದರಿಂದ ಪರೀಕ್ಷೆಗೆ ರೆಕ್ಕೆಯನ್ನು ಬೋರಲು ಹಾಕಿ ಮೇಲೆ ಚೀಲ ಪೇರಿಸುತ್ತಾರೆ. ಬುಡದ ಕಡೆ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಯುರೋಪಿನ ನಿಯಮದಂತೆ ಸಾಮಾನ್ಯ ಗ್ಲೈಡರ್ ತನ್ನ ತೂಕದ 5.3 ಪಟ್ಟು ಭಾರ ತಾಳಬೇಕು, ಅದರ ಮೇಲೆ ಸುರಕ್ಷತೆಗೆ ಇನ್ನೂ ಒಂದೂವರೆ ಪಟ್ಟು. ಪೈಲಟ್ ಸೇರಿ 300 ಕಿಲೋ ತೂಗುವ ಗ್ಲೈಡರ್ ಎಂದರೆ 2,385 ಕಿಲೋ. ನಮ್ಮ ಕಾರ್ಖಾನೆಗಳಿಂದ ಹೊರಬೀಳುವ 50 ಕಿಲೋ ಸಕ್ಕರೆ ಚೀಲದ ಲೆಕ್ಕದಲ್ಲಿ ಎರಡೂ ರೆಕ್ಕೆಗೆ ಕೂಡಿ 48 ಚೀಲ! ರೆಕ್ಕೆಯ ಸ್ವಂತ ತೂಕ ಕಳೆದರೆ ಈ ಲೆಕ್ಕ ಇಳಿಯುತ್ತದೆ. ಕೊನೆಯ ಚೀಲ ಇಟ್ಟ ಮೇಲೆ ಕನಿಷ್ಠ ಮೂರು ಸೆಕೆಂಡು ಮುರಿಯದೆ ನಿಲ್ಲಬೇಕು. ಆ ಮೂರು ಸೆಕೆಂಡಿನಲ್ಲಿ ಮರ ಕಿರ್ರೆನ್ನುವುದು ಕೇಳಿಸುತ್ತದೆ, ತುದಿ ನೆಲದ ಕಡೆ ಬಾಗುವುದು ಕಾಣಿಸುತ್ತದೆ. ಆಗ ಯಾರೂ ಅದರ ಕೆಳಗೆ ಕೈ ಹಾಕುವುದಿಲ್ಲ.

ಭಾರ ತಾಳಿದರೂ ಗಂಡಾಂತರ ಮುಗಿಯಿತೆಂದಲ್ಲ. ತೂಕದ ಕೇಂದ್ರ ಎಲ್ಲಿ ಬೀಳುತ್ತದೆ ಎಂಬುದು ಪ್ರಾಣದ ಪ್ರಶ್ನೆ. ಬಾಲವಿರುವ ಸಾಮಾನ್ಯ ಗ್ಲೈಡರಿನಲ್ಲಿ ಅದು ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಗಲದಲ್ಲಿ, ಮುಂದಿನ ಕಾಲುಭಾಗದಿಂದ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಹಿಂದೆ ಸರಿದರೆ ಮೂತಿ ತಾನಾಗಿ ಮೇಲೇಳುತ್ತದೆ, ಹಿಡಿತ ತಪ್ಪುತ್ತದೆ. ಪೈಲಟ್ ಕೂತಿರುವಾಗಲೇ ಗ್ಲೈಡರನ್ನು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗುತ್ತಾರೆ. ಸಪೂರ ಆಳಾದರೆ ಮೂತಿಯಲ್ಲಿ ಸೀಸದ ಗಟ್ಟಿ ಇಡುತ್ತಾರೆ.

ಲೆಕ್ಕವಿಲ್ಲದ ನಕ್ಷೆ ಏನಾಗುತ್ತದೆ ಎಂಬುದಕ್ಕೂ ಕರ್ನಾಟಕದಲ್ಲೇ ಉದಾಹರಣೆಯಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಪರಿಶೀಲಿಸಿ 1974ರಲ್ಲಿ ವರದಿ ಬರೆದರು. ಅದರಲ್ಲಿನ ವಿಮಾನಗಳು ಹಾರುವ ಗುಣವುಳ್ಳವಲ್ಲ, ಕೃತಿಯೂ ಇಪ್ಪತ್ತನೇ ಶತಮಾನಕ್ಕಿಂತ ಹಳೆಯದಲ್ಲ ಎಂದು ಕಂಡುಕೊಂಡರು. ಶ್ಲೋಕವೇ ಆಗಲಿ, ಬಣ್ಣದ ಚಿತ್ರವೇ ಆಗಲಿ, ಗಾಳಿ ಕೇಳುವುದು ತೂಕ ಮತ್ತು ಬಲದ ಲೆಕ್ಕ.

ಹೊಸ ಗ್ಲೈಡರನ್ನು ಮೊದಲ ದಿನವೇ ಆಕಾಶಕ್ಕೆ ಎಸೆಯುವುದಿಲ್ಲ. ಮೊದಲು ಎದುರುಗಾಳಿಗೆ ಮುಖಮಾಡಿ ನಿಲ್ಲಿಸಿ, ನೆಲದ ಮೇಲೆಯೇ ರೆಕ್ಕೆಗಳನ್ನು ಸಮವಾಗಿ ಹಿಡಿಯುವ ಅಭ್ಯಾಸ. ಆಮೇಲೆ ಉದ್ದದ ಸಮತಟ್ಟು ಬಯಲಿನಲ್ಲಿ ಜೀಪಿಗೆ ಹಗ್ಗ ಕಟ್ಟಿ ಎಳೆದು ಮೊಣಕಾಲೆತ್ತರದ ನೆಗೆತ, ನೇರ ಹಾರಾಟ, ನೇರ ಇಳಿತ. ಹಗ್ಗದಲ್ಲಿ ಬೇಕೆಂದೇ ಒಂದು ದುರ್ಬಲ ಕೊಂಡಿ ಇಟ್ಟಿರುತ್ತಾರೆ: ಎಳೆತ ಮಿತಿಮೀರಿದರೆ ರೆಕ್ಕೆಗಿಂತ ಮೊದಲು ಅದು ತುಂಡಾಗಬೇಕು. ಎಲ್ಲ ಸರಿ ಕಂಡ ಮೇಲೆ ಎತ್ತರ. ಪ್ಯಾರಾಚೂಟ್ ಕಟ್ಟಿಕೊಂಡು, ಸಾಕಷ್ಟು ಮೇಲೆ ಹೋಗಿ, ವೇಗ ಇಳಿಸಿ ರೆಕ್ಕೆ ಯಾವಾಗ ಸೋಲುತ್ತದೆ ಎಂದು ನೋಡುವುದು. ಬಳಿಕ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಚಾಲನೆಯ ಕಡ್ಡಿಯನ್ನು ಮೆಲ್ಲಗೆ ತಟ್ಟಿ, ನಡುಕ ತಾನಾಗಿ ಅಡಗುತ್ತದೆಯೇ ಎಂದು ಗಮನಿಸುವುದು. ಅಡಗದೆ ಬೆಳೆದರೆ ಅದು ಫ್ಲಟರ್. ಕೆಲವೇ ಸೆಕೆಂಡಿನಲ್ಲಿ ರೆಕ್ಕೆಯನ್ನು ಕಿತ್ತುಹಾಕಬಲ್ಲದು.

ಜಗತ್ತಿನ ಅತಿ ದುಬಾರಿ ಗ್ಲೈಡರಿನಲ್ಲೂ ಪೈಲಟಿನ ಕಣ್ಣೆದುರು, ಗಾಜಿನ ಹೊರಗೆ ಒಂದು ಗೇಣು ಉಣ್ಣೆ ದಾರ ಅಂಟಿಸಿರುತ್ತಾರೆ. ವಿಮಾನ ಓರೆಯಾಗಿ ಜಾರುತ್ತಿದ್ದರೆ ದಾರ ಪಕ್ಕಕ್ಕೆ ಸರಿದು ಹೇಳುತ್ತದೆ. ಬೆಲೆ ನಾಲ್ಕಾಣೆಯೂ ಇಲ್ಲ.

ಗ್ಲೈಡರ್ ಹಾರಾಟದ ಮೊದಲಿಗರಲ್ಲಿ ಒಬ್ಬನಾದ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಬರ್ಲಿನ್ ಬಳಿ 1894ರಲ್ಲಿ ತನಗಾಗಿಯೇ 15 ಮೀಟರ್ ಎತ್ತರದ ಗುಡ್ಡ ಕಟ್ಟಿಸಿಕೊಂಡಿದ್ದ. ಸುಮಾರು ಎರಡು ಸಾವಿರ ಬಾರಿ ಹಾರಿದವನು 1896ರ ಆಗಸ್ಟ್ 9ರಂದು ಬಿದ್ದು, ಮರುದಿನ ತೀರಿಕೊಂಡ. ಮೈಯನ್ನು ಅತ್ತಿತ್ತ ಬಾಗಿಸುವುದೊಂದೇ ಅವನಿಗಿದ್ದ ಹಿಡಿತ. ಈಗಲೂ ಯೂಟ್ಯೂಬ್ ನೋಡಿ ಬಿದಿರು, ತಾಡಪತ್ರಿಯ ರೆಕ್ಕೆ ಕಟ್ಟಿಕೊಂಡು ಸ್ತವನಿಧಿ ಗುಡ್ಡದಿಂದ ನೆಗೆಯುವ ಆಸೆ ಯಾವ ಹುಡುಗನಿಗಾದರೂ ಬಂದರೆ, ದಯವಿಟ್ಟು ತಡೆಯಿರಿ. ಮನುಷ್ಯ ಕೂತು ಹಾರುವ ಯಾವುದಕ್ಕೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಿವೆ. 1934ರ ಹಳೆಯ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಬೆಳಗಾವಿಯ ಸಾಂಬ್ರಾ, ಕೊಲ್ಹಾಪುರ ಎರಡೂ ವಿಮಾನ ನಿಲ್ದಾಣಗಳು ನಮಗೆ ಹತ್ತಿರವೇ ಇವೆ, ಆಕಾಶ ಖಾಲಿಯಿಲ್ಲ ಎಂಬುದೂ ನೆನಪಿರಲಿ.

ಆದರೆ ಆಸೆಯನ್ನೇ ಚಿವುಟಬೇಡಿ. ಒಂದು ಥರ್ಮೊಕೋಲ್ ಹಾಳೆ, ಒಂದು ಬಿದಿರು ಕಡ್ಡಿ, ಮೂತಿಗೆ ಒಂದು ಮುದ್ದೆ ಜೇಡಿಮಣ್ಣು ಕೊಡಿ. ರೆಕ್ಕೆಯ ಕೆಳಗೆ, ಮುಂದಿನ ಅಂಚಿನಿಂದ ಕಾಲುಭಾಗದಲ್ಲಿ ಎರಡು ಬೆರಳಿಟ್ಟು ತೂಗಿಸಲು ಹೇಳಿ. ಮೂತಿ ಎದ್ದರೆ ಮಣ್ಣು ಹೆಚ್ಚಿಸಲಿ, ಕುಸಿದರೆ ಚಿವುಟಿ ತೆಗೆಯಲಿ. ಆಮೇಲೆ ಸಂಜೆಯ ತಣ್ಣನೆ ಹೊತ್ತಿನಲ್ಲಿ, ಗಾಳಿಗೆ ಎದುರಾಗಿ, ಎಸೆಯದೆ ಮೆಲ್ಲಗೆ ಮುಂದಕ್ಕೆ ಬಿಡಲಿ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಈಗ ಏರ್‌ಬಸ್ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತಿವೆ. ಈ ವಿದ್ಯೆಗೆ ನಮ್ಮ ಮಗ್ಗುಲಲ್ಲೇ ಕೆಲಸವೂ ಉಂಟು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ತಪ್ಪದೆ ಕರೆದೊಯ್ಯಿರಿ. ಅಲ್ಲಿ ಎಚ್‌ಟಿ-2 ನಿಂತಿದೆ. ಅದನ್ನು ರೂಪಿಸಿದವರು ನಮ್ಮ ಗಡಹಿಂಗ್ಲಜ ಕಡೆಯವರು ಎಂದು ಹೇಳಿ, ಘಾಟಗೆಯವರ ಪೂರ್ತಿ ಹೆಸರನ್ನು ಅವರಿಂದ ಬರೆಸಿ.