ರೋಬೋಟಿನ ಲಗಾಮು ಯಾರ ಕೈಯಲ್ಲಿ?

ನಿಮ್ಮ ಮಗಳೋ ಮಗನೋ ಶಾಲಾ ತಂಡದೊಂದಿಗೆ ರೋಬೋಟ್ ಸ್ಪರ್ಧೆಗೆ ಸಿದ್ಧರಾಗುತ್ತಿದ್ದಾರೆಯೇ? ಹಾಗಾದರೆ ಅದನ್ನು ಓಡಿಸುವ ಬಗೆ ಯಾವುದೆಂದು ಕೇಳಿ ನೋಡಿ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ನಡೆಸುವ ಕೈ ತಡವರಿಸಿದರೆ ಶ್ರಮವೆಲ್ಲ ವ್ಯರ್ಥ.

'ಫಸ್ಟ್ ಟೆಕ್ ಚಾಲೆಂಜ್' ಸ್ಪರ್ಧೆಯಲ್ಲಿ ಮೊದಲ 30 ಸೆಕೆಂಡು ರೋಬೋಟ್ ತಾನಾಗಿಯೇ ಕೆಲಸ ಮಾಡುತ್ತದೆ. ಬಳಿಕ 2 ನಿಮಿಷ ಮಕ್ಕಳು ಗೇಮ್‌ಪ್ಯಾಡ್ ಹಿಡಿದು ನಡೆಸಬೇಕು.

ಪ್ರಚಲಿತ ಕ್ರಮಗಳಲ್ಲಿ ಎರಡನ್ನು ನೋಡೋಣ. 'ಟ್ಯಾಂಕ್' ಕ್ರಮದಲ್ಲಿ ಎಡಗೋಲು ಎಡಬದಿಯ ಚಕ್ರಗಳಿಗೆ, ಬಲಗೋಲು ಬಲಬದಿಯವುಗಳಿಗೆ. ನೇರ ಸಾಗಲು ಎರಡನ್ನೂ ಸಮನಾಗಿ ತಳ್ಳಬೇಕು. 'ಆರ್ಕೇಡ್' ಕ್ರಮದಲ್ಲಿ ಹಿಂದೆ ಮುಂದೆ ಹೋಗುವುದನ್ನೂ ತಿರುಗುವುದನ್ನೂ ಬೇರೆ ಬೇರೆ ಕೋಲುಗಳಿಗೆ, ಇಲ್ಲವೇ ಒಂದೇ ಕೋಲಿಗೆ ವಹಿಸಬಹುದು.

ಇಲ್ಲಿ ಗೇಮ್‌ಪ್ಯಾಡ್ ಎರಡಿರಬಹುದು. ಒಬ್ಬರು ರೊಟ್ಟಿ ಲಟ್ಟಿಸಿ ಇನ್ನೊಬ್ಬರು ಬೇಯಿಸುವಂತೆ, ಒಬ್ಬರು ಚಕ್ರಗಳನ್ನೂ ಇನ್ನೊಬ್ಬರು ಎತ್ತುವ ತೋಳನ್ನೂ ನೋಡಿಕೊಂಡರೆ ಭಾರ ಹಂಚಿಹೋಗುತ್ತದೆ. ಆದರೆ ಪರಸ್ಪರ ಮಾತು ಬೇಕು. ನಾಜೂಕಿನ ಕೆಲಸಕ್ಕೆ ವೇಗ ತಗ್ಗಿಸುವ ಗುಂಡಿಯೊಂದಿದ್ದರೆ ಒಳ್ಳೆಯದು.

ಯಾವುದು ಉತ್ತಮ? ಓಡಿಸುವ ಕೈಗೆ ಒಗ್ಗಿದ್ದೇ ಉತ್ತಮ. ಒಂದೇ ದಾರಿಯಲ್ಲಿ ಎರಡೂ ಕ್ರಮಗಳಿಂದ ಹಲವು ಸಲ ಓಡಿಸಿ, ಸಮಯವನ್ನೂ ತಪ್ಪುಗಳನ್ನೂ ಬರೆದಿಡಲಿ. ರೋಬೋಟ್ ಎದುರು ಮುಖವಾಗಿ ಬರುವಾಗ ಎಡಬಲ ಅದಲುಬದಲಾಗುತ್ತದೆ. ಅದನ್ನೂ ಅಭ್ಯಾಸ ಮಾಡಲಿ. ಆಯ್ದ ಮೇಲೆ ಸ್ಪರ್ಧೆಯ ಮುನ್ನಾದಿನ ಬದಲಿಸುವುದು ಬೇಡ.

ಇನ್ನೊಂದು ಮಾತು. ಚಿತ್ರಪಟ ಬರೆಯುವುದು ಹುಡುಗಿಯರಿಗೆ, ಓಡಿಸುವುದು ಹುಡುಗರಿಗೆ ಎಂದು ಮೊದಲೇ ಹಂಚಿಬಿಟ್ಟರೆ ಒಳ್ಳೆಯ ಕೈಯೊಂದು ಪರೀಕ್ಷೆಗೇ ಬರದೆ ಉಳಿದೀತು. ಎಲ್ಲರೂ ಓಡಿಸಿ ನೋಡಲಿ. ನಿಮ್ಮ ಮಗಳಿಗೆ ಆ ಅವಕಾಶ ಸಿಕ್ಕಿತೇ ಎಂದು ನೀವೇ ವಿಚಾರಿಸಿ.