ಕ್ಯಾಚ್ ಹಿಡಿದವರು ಕೋಚ್ ಆದಾಗ

ಟೆಸ್ಟ್ ಸ್ಕೋರ್‌ಕಾರ್ಡ್‌ಗಳಲ್ಲಿ 'ಕ್ಯಾಚ್ ದ್ರಾವಿಡ್, ಬೌಲ್ಡ್ ಕುಂಬ್ಳೆ' ಅಂತ 55 ಸಲ ಬಂದಿದೆ. ವಿಕೆಟ್ ಮೆಕ್ಯಾನಿಕಲ್ ಇಂಜಿನಿಯರ್ ಅನಿಲ್ ಕುಂಬ್ಳೆ ಲೆಕ್ಕಕ್ಕೆ. ಹಿಡಿದದ್ದು ಮಾತ್ರ ರಾಹುಲ್ ದ್ರಾವಿಡ್. ಟೆಸ್ಟ್‌ನಲ್ಲಿ ಅವರದ್ದು ಒಟ್ಟು 210 ಕ್ಯಾಚ್. ವಿಕೆಟ್ ಕೀಪರ್‌ಗಳನ್ನು ಬಿಟ್ಟರೆ, 2025ರಲ್ಲಿ ಜೋ ರೂಟ್ ಮುರಿಯೋ ತನಕ ಅದೇ ವಿಶ್ವದಾಖಲೆ.

ಸ್ಲಿಪ್ ಫೀಲ್ಡರ್ ಕೆಲಸ ಏನು ಗೊತ್ತಾ? ಪ್ರತಿ ಬಾಲ್‌ಗೂ ಬಗ್ಗಿ ಕಾಯೋದು. ಹೆಚ್ಚಿನ ಸಲ ಏನೂ ಬರಲ್ಲ. ಬಂದಾಗ ಯೋಚಿಸೋಕೆ ಸಮಯ ಇರಲ್ಲ. ಅಭ್ಯಾಸವೇ ಕೈ ಹಿಡೀಬೇಕು.

2012ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತರಾದ ದ್ರಾವಿಡ್, 2015ರಲ್ಲಿ ಭಾರತ 'ಎ' ಮತ್ತು ಅಂಡರ್-19 ತಂಡಗಳ ಕೋಚ್ ಆದರು. ಅಂಡರ್-19 ಅಂದ್ರೆ ನಮ್ಮ ಫಸ್ಟ್ ಇಯರ್ ವಯಸ್ಸಿನ ಹುಡುಗರು. 2016ರ ವಿಶ್ವಕಪ್ ಫೈನಲ್ ಸೋತರು, 2018ರದ್ದು ಗೆದ್ದರು. ಆಗ ಬಿಸಿಸಿಐ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಘೋಷಿಸಿತು. ಈ ವ್ಯತ್ಯಾಸ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಎಲ್ಲರಿಗೂ 25 ಲಕ್ಷ ಆಯ್ತು. ಅವರ ಪಾಲು ಅರ್ಧಕ್ಕಿಳೀತು.

2007ರ ವಿಶ್ವಕಪ್‌ನಲ್ಲಿ ನಾಯಕರಾಗಿ ವೆಸ್ಟ್ ಇಂಡೀಸ್‌ನಿಂದ ಮೊದಲ ಸುತ್ತಲ್ಲೇ ಸೋತು ಬಂದಿದ್ರು. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ, ಅವರ ಕೋಚಿಂಗ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ಕೊನೇ ಓವರ್‌ನಲ್ಲಿ ಪಂದ್ಯ ಉಳಿಸಿದ್ದು ಬೌಂಡರಿ ಗೆರೆಯಲ್ಲಿ ಸೂರ್ಯಕುಮಾರ್ ಹಿಡಿದ ಕ್ಯಾಚ್. ಈ ಸಲ ಸ್ಕೋರ್‌ಕಾರ್ಡ್‌ನಲ್ಲಿ ದ್ರಾವಿಡ್ ಹೆಸರಿರಲಿಲ್ಲ. ಕೋಚ್ ಕೆಲಸವೇ ಅಂಥದ್ದು ಅಲ್ವಾ?