ಕಳೆದುಹೋಯಿತೋ, ಕಳವಾಯಿತೋ?

ಇಂಟರ್ನಲ್ಸ್‌ಗೆ ಇನ್ನೆರಡೇ ದಿನ ಇತ್ತು. ಸಿಟಿ ಬಸ್ ಇಳಿದು ಹಾಸ್ಟೆಲ್ ಕಡೆ ನಾಲ್ಕು ಹೆಜ್ಜೆ ಹಾಕಿದ ಮೇಲೆ ನೋಡಿದರೆ ಬ್ಯಾಗಿನ ಮುಂದಿನ ಜಿಪ್ ಬಾಯಿ ಬಿಟ್ಟುಕೊಂಡಿತ್ತು. ಒಳಗಿದ್ದ ಫೋನ್ ಮಾಯ. ನೋಟ್ಸ್‌ನ ಪಿಡಿಎಫ್‌ಗಳು, ಬ್ಯಾಂಕ್ ಆ್ಯಪ್, ಎಲ್ಲರ ನಂಬರುಗಳು ಅದರಲ್ಲೇ ಇದ್ದವು. ಬಾಯಿಪಾಠ ಇದ್ದದ್ದು ಅಮ್ಮನ ನಂಬರ್ ಒಂದೇ. ಅಪ್ಪ ಕಂತಿನಲ್ಲಿ ಕೊಡಿಸಿದ ಹದಿನಾರು ಸಾವಿರದ ಫೋನ್ ಅದು. ಇನ್ನೂ ಐದು ಕಂತು ಬಾಕಿ!

ರೂಮ್‌ಮೇಟ್‌ನನ್ನು ಕರೆದುಕೊಂಡು ಠಾಣೆಗೆ ಹೊರಟೆ. ನಮ್ಮ ಮನೆತನದಲ್ಲಿ ಠಾಣೆ ಮೆಟ್ಟಿಲು ಹತ್ತಿದವರೇ ಇಲ್ಲ ಎಂದು ಅಜ್ಜಿ ಹೆಮ್ಮೆಯಿಂದ ಹೇಳುವುದುಂಟು. ಪೊಲೀಸರ ಬಗ್ಗೆ ನನಗೆ ಗೊತ್ತಿದ್ದದ್ದು ಸಿನಿಮಾದಲ್ಲಿ ನೋಡಿದ್ದು, ಬಿಟ್ಟರೆ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ದಿನ ಕಂಡದ್ದು.

ಒಳಗೆ ಸಿನಿಮಾದಂತೇನೂ ಇರಲಿಲ್ಲ. ಬಾಗಿಲಲ್ಲಿ ಬಂದೂಕು ಹಿಡಿದ ಸೆಂಟ್ರಿ, ಮೂಲೆಯಲ್ಲಿ ವೈರ್‌ಲೆಸ್‌ನ ಕರಕರ ಸದ್ದು, ರೈಟರ್ ಎದುರು ನಾಲ್ಕೈದು ಜನ. ಪಕ್ಕದ ಮನೆಯವರು ನೀರಿನ ಪೈಪ್ ಒಡೆದರೆಂದು ಒಬ್ಬ ಹೆಂಗಸು ಮೂರನೇ ಸಲ ಹೇಳುತ್ತಿದ್ದರು. ರೈಟರ್ ಮೂರನೇ ಸಲ ‘ಹೂಂ’ ಎನ್ನುತ್ತಿದ್ದರು. ನನ್ನ ಸರದಿ ಬಂತು. ಬಸ್ ಹತ್ತಿದ್ದೆಲ್ಲಿ ಎಂದು ಕೇಳಿದರು. ಹೇಳಿದೆ. “ಅದು ನಮ್ಮ ಲಿಮಿಟ್ಸ್ ಅಲ್ಲ” ಎಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಹಿರಿಯ ಕಾನ್‌ಸ್ಟೆಬಲ್ ಒಬ್ಬರು ಕುರ್ಚಿ ತೋರಿಸಿದರು.

“ನೋಡಪ್ಪಾ, ಕಳವಾಗಿದೆ ಅಂತ ಬರೆದ್ರೆ ಎಫ್‌ಐಆರ್, ಕೋರ್ಟು ಅಂತ ಓಡಾಡ್ಬೇಕಾಗತ್ತೆ. ಪರೀಕ್ಷೆ ಬೇರೆ ಇದೆ ಅಂತೀಯ. ಕಳೆದುಹೋಗಿದೆ ಅಂತ ಬರಿ, ಸೀಲ್ ಹಾಕಿಕೊಡ್ತೀವಿ, ಹೋಗಿ ಸಿಮ್ ತಗೋ.”

ಗದರಿಸಿದ್ದರೆ ಬಹುಶಃ ನಾನು ವಾದ ಮಾಡುತ್ತಿದ್ದೆ. ಆದರೆ ಅವರು ಮಾವನಂತೆ ಹೇಳಿದರು. ಬರೆದೆ, ಸಹಿ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಪೊಲೀಸರು ಎಷ್ಟು ಒಳ್ಳೆಯವರು ಎಂದುಕೊಂಡೇ ಹೊರಬಂದೆ.

ಚಿಕ್ಕಪ್ಪನ ಮಗಳು ಎಲ್‌ಎಲ್‌ಬಿ ಓದುತ್ತಿದ್ದಾಳೆ. ರಾತ್ರಿ ರೂಮ್‌ಮೇಟ್ ಫೋನಿನಿಂದ ಮಾತಾಡಿದಾಗ ಮೊದಲು ಕೇಳಿದ್ದು, “ಯುಪಿಐ, ಬ್ಯಾಂಕು ಬ್ಲಾಕ್ ಮಾಡಿಸಿದ್ಯಾ?” ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕಂತೆ, ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ನನ್ನ ಪುಣ್ಯ, ಹೋಗಿರಲಿಲ್ಲ. ಆಮೇಲೆ ನಾನು ಬರೆದುಕೊಟ್ಟದ್ದನ್ನು ಓದಿಸಿಕೊಂಡಳು. “ನಿನ್ನ ಕಳ್ಳನಿಗೆ ನೀನೇ ಜಾಮೀನು ಕೊಟ್ಟು ಬಂದಿದ್ದೀಯಲ್ಲೋ” ಎಂದು ನಕ್ಕಳು.

ಅವಳು ಹೇಳಿದ್ದರ ಸಾರ ಇಷ್ಟು. ‘ಕಳೆದುಹೋಗಿದೆ’ ಎಂದರೆ ಅಪರಾಧವೇ ನಡೆದಿಲ್ಲ ಎಂದರ್ಥ. ಅಪರಾಧವಿಲ್ಲದ ಮೇಲೆ ತನಿಖೆ ಎಲ್ಲಿಂದ ಬರಬೇಕು? ಮಾರ್ಕ್ಸ್ ಕಾರ್ಡೋ ಆರ್‌ಸಿಯೋ ನಿಜಕ್ಕೂ ಕಳೆದುಹೋದರೆ ಠಾಣೆಗೆ ಅಲೆಯುವುದೇ ಬೇಡ, ನಮ್ಮ ರಾಜ್ಯ ಪೊಲೀಸರ ಇ-ಲಾಸ್ಟ್ ಸೇವೆಯಲ್ಲೇ ಸ್ವೀಕೃತಿ ಸಿಗುತ್ತದೆ. ಅದು ನಕಲು ಪ್ರತಿ ಪಡೆಯುವುದಕ್ಕೆ ಇರುವ ಕಾಗದ, ಕಳ್ಳನನ್ನು ಹುಡುಕುವುದಕ್ಕಲ್ಲ. ಕಳವಾದರೆ ಸಂಗತಿಯೇ ಬೇರೆ. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಬದಲು ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ ಅಪರಾಧದ ಮಾಹಿತಿಯನ್ನು ಅದು ಯಾವ ಠಾಣೆ ವ್ಯಾಪ್ತಿಯಲ್ಲೇ ನಡೆದಿರಲಿ, ಎಲ್ಲಿ ಬೇಕಾದರೂ ಕೊಡಬಹುದು. ಜೀರೊ ಎಫ್‌ಐಆರ್ ಎನ್ನುವುದು ಇದನ್ನೇ. ಬಾಯಲ್ಲಿ ಹೇಳಿದರೂ ಅವರು ಬರೆದುಕೊಂಡು ನಮಗೆ ಓದಿಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇ-ಮೇಲ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ದಾಖಲಿಸಿಕೊಳ್ಳಲು ಒಪ್ಪದಿದ್ದರೆ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು, ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ಒಂದು ತಮಾಷೆಯ ವಿಷಯವೂ ಗೊತ್ತಾಯಿತು. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಹೊಸ ಕಾನೂನಿನಲ್ಲಿ ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಪಾರ್ಕಿಂಗ್‌ನಲ್ಲಿ ಹೆಲ್ಮೆಟ್ ಕದಿಯುವವರಿಗೆ ಇದು ಗೊತ್ತಿದೆಯೋ ಏನೋ.

ಇಂಟರ್ನಲ್ಸ್ ಮುಗಿಸಿ ಮತ್ತೆ ಠಾಣೆಗೆ ಹೋದೆ. ಈ ಸಲ ಸಬ್‌ ಇನ್‌ಸ್ಪೆಕ್ಟರ್ ಇದ್ದರು. ಭುಜದ ಮೇಲೆ 2 ನಕ್ಷತ್ರ, ಕೆಂಪು-ನೀಲಿ ಪಟ್ಟಿ ಇದ್ದರೆ ಪಿಎಸ್‌ಐ ಎಂಬುದನ್ನು ಅಷ್ಟೊತ್ತಿಗೆ ಕಲಿತಿದ್ದೆ. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಸೀನಿಯರ್‌ಗಳಿಗೆ ಇದು ಎಲ್‌ಕೆಜಿ ಪಾಠ, ನನಗೆ ಹೊಸದು. ಮೊನ್ನೆ ‘ಕಳೆದಿದೆ’ ಎಂದು ಬರೆದು ಇವತ್ತು ‘ಕಳವು’ ಎನ್ನುತ್ತೀಯಲ್ಲ, ಯಾವುದು ನಿಜ ಎಂದು ಅವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಯಾರೂ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಆದರೆ ಹತ್ತುವಾಗ ಜಿಪ್ ಹಾಕಿದ್ದು ನೆನಪಿತ್ತು, ನೂಕುನುಗ್ಗಲಲ್ಲಿ ಬ್ಯಾಗ್ ಎಳೆದಂತಾಗಿದ್ದೂ ನೆನಪಿತ್ತು. ಅಷ್ಟನ್ನೇ ಹೇಳಿದೆ, ಮೊದಲ ದಿನ ಯಾಕೆ ಹಾಗೆ ಬರೆದೆ ಎಂಬುದನ್ನೂ ಹೇಳಿದೆ. ಅವರು ಒಳಗೆ ಕೂತಿದ್ದ ಹಿರಿಯ ಕಾನ್‌ಸ್ಟೆಬಲ್ ಕಡೆ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ. ಎಫ್‌ಐಆರ್ ಆಯಿತು.

ಟೈಪ್ ಆಗುವವರೆಗೆ ಒಂದು ಗಂಟೆ ಕೂತಿದ್ದೆ. ಆ ಒಂದು ಗಂಟೆಯಲ್ಲಿ ವಾರಂಟ್ ಜಾರಿಗೆ ಒಬ್ಬರು ಹೊರಟರು, ಪಾಸ್‌ಪೋರ್ಟ್ ಪರಿಶೀಲನೆಗೆ ಇನ್ನೊಬ್ಬರು, ಸಂಜೆಯ ಮೆರವಣಿಗೆ ಬಂದೋಬಸ್ತಿಗೆ ನಾಲ್ವರು. ಒಂದೊಂದು ಎಫ್‌ಐಆರ್ ಹಿಂದೆಯೂ ಸ್ಥಳ ಮಹಜರು, ಹೇಳಿಕೆಗಳು, ಕೊನೆಗೆ ಕೋರ್ಟಿಗೆ ವರದಿ ಇರುತ್ತವೆ. ಬರೆಯುವವರೂ ಇವರೇ, ಬಂದೋಬಸ್ತಿಗೆ ನಿಲ್ಲುವವರೂ ಇವರೇ. ‘ಕಳೆದುಹೋಗಿದೆ ಅಂತ ಬರಿ’ ಎಂಬ ಮಾತು ಎಲ್ಲಿಂದ ಹುಟ್ಟುತ್ತದೆ ಎಂದು ಅರ್ಥವಾಯಿತು. ಆದರೂ ಒಪ್ಪಲಿಕ್ಕಾಗಲಿಲ್ಲ. ಆ ಬಸ್ಸಿನಲ್ಲಿ ಫೋನ್ ಕಳೆದುಕೊಂಡವರೆಲ್ಲ ನನ್ನ ಹಾಗೇ ಬರೆದುಕೊಟ್ಟಿದ್ದರೆ, ಠಾಣೆಯ ಲೆಕ್ಕದಲ್ಲಿ ಆ ರೂಟಿನಲ್ಲಿ ಕಳ್ಳರೇ ಇಲ್ಲ. ಕಳ್ಳರೇ ಇಲ್ಲದ ಕಡೆ ಮಫ್ತಿಯಲ್ಲಿ ಯಾರನ್ನು ನಿಲ್ಲಿಸುತ್ತಾರೆ? ಇನ್ನಷ್ಟು ಸಿಬ್ಬಂದಿ ಬೇಕೆಂದು ಆ ಠಾಣೆ ಯಾವ ಲೆಕ್ಕ ತೋರಿಸಿ ಕೇಳಬೇಕು?

ಎಫ್‌ಐಆರ್ ಪ್ರತಿ, ಫೋನಿನ ಬಿಲ್, ಹೊಸ ಸಿಮ್ ಇಟ್ಟುಕೊಂಡು ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ ಬ್ಲಾಕ್ ಮಾಡಿಸಿದೆ. 15 ಅಂಕಿಯ ಆ ಸಂಖ್ಯೆ ಫೋನಿನ ಡಬ್ಬಿಯ ಮೇಲಿತ್ತು, ಅಮ್ಮ ಆ ಡಬ್ಬಿಯಲ್ಲಿ ಗುಂಡಿ-ಸೂಜಿ ಇಟ್ಟುಕೊಂಡಿದ್ದಳು. ನಿಮ್ಮ ಫೋನಿನಲ್ಲಿ ಈಗಲೇ *#06# ಒತ್ತಿ ಒಂದು ಕಡೆ ಬರೆದಿಟ್ಟುಕೊಳ್ಳಿ. ಬ್ಲಾಕ್ ಆದ ಫೋನಿಗೆ ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದೂ ಹೊಸ ಕಾನೂನಿನಲ್ಲಿದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಫೋನ್ ಇನ್ನೂ ಸಿಕ್ಕಿಲ್ಲ, ಕಂತು ಮೂರು ಉಳಿದಿದೆ.

ಕಳೆದ ವಾರ ರೂಮ್‌ಮೇಟ್ ಓಡಿಬಂದ. ಅವನ ಫೋನೂ ಹೋಗಿತ್ತು. “ನಡಿ, ಕಳವು ಅಂತಲೇ ಬರೆಯೋಣ, ನನಗೀಗ ಕಾನೂನು ಗೊತ್ತು” ಎಂದ. ಕೊನೆಗೆ ನೋಡಿದ್ದೆಲ್ಲಿ ಎಂದು ಕೇಳಿದೆ. ಕ್ಯಾಂಟೀನ್ ಟೇಬಲ್ ಮೇಲಂತೆ, ಚಾರ್ಜಿಗೆ ಹಾಕಿ ಕೈ ತೊಳೆಯಲು ಎದ್ದಿದ್ದನಂತೆ. ಹಾಗಿದ್ದರೆ ‘ಕಳೆದುಹೋಗಿದೆ’ ಎಂದೇ ಬರೆಯಬೇಕು ಎಂದೆ. ಮುಖ ಊದಿಸಿಕೊಂಡ. ಠಾಣೆಗೆ ಹೋಗುವ ಮೊದಲು ಕ್ಯಾಂಟೀನಿಗೆ ಹೋದೆವು. ಗಲ್ಲಾಪೆಟ್ಟಿಗೆಯ ಪಕ್ಕ ಶೇಕಡ 100 ಚಾರ್ಜ್ ಆಗಿ ಕೂತಿತ್ತು.